ಕಲ್ಲಿನ ಕೋಟೆಯ ಅಲ್ಪಾಹಾರಿಗಳು

ಚಿತ್ರದುರ್ಗದ ಕೋಟೆಗೆ ಬಂದವರು ಸಾಮಾನ್ಯವಾಗಿ ಎರಡನ್ನು ಮರೆಯದೆ ನೋಡಿ ಹೋಗುತ್ತಾರೆ. ಒಂದು ಓಬವ್ವನ ಕಿಂಡಿ, ಇನ್ನೊಂದು ಅಲ್ಲಿನ ಕೋತಿಗಳು. ಬಿಡುವಿದ್ದವರು ಹಿಡಿಂಬೇಶ್ವರ, ಏಕನಾಥೇಶ್ವರಿಯರ ಗುಡಿಗಳವರೆಗೂ ಹತ್ತಿ, ಗೋಪಾಲಸ್ವಾಮಿ ಹೊಂಡದ ದಂಡೆಯಲ್ಲಿ ಕುಳಿತು ಬುತ್ತಿ ಬಿಚ್ಚುತ್ತಾರೆ. ಮದಕರಿ ನಾಯಕನ ಕಥೆಯನ್ನೂ, 1779ರಲ್ಲಿ ದುರ್ಗ ಹೈದರಾಲಿಯ ಕೈಸೇರಿದ ಬಗೆಯನ್ನೂ ಕೇಳಿ ನಿಟ್ಟುಸಿರು ಬಿಡುತ್ತಾರೆ. ಆದರೆ ಈ ಏಳು ಸುತ್ತಿನ ಕೋಟೆಯನ್ನು ಯಾವ ದೊರೆಗಿಂತಲೂ ಗಟ್ಟಿಯಾಗಿ ಹಿಡಿದುಕೊಂಡು ಕುಳಿತಿರುವ ಬೇರೊಂದು ಪರಿವಾರವಿದೆ. ಅದರ ಕಡೆಗೆ ಕಣ್ಣು ಹಾಯಿಸುವವರು ಕಡಿಮೆ. ಬಂಡೆಯ ಬಿರುಕಿನಲ್ಲಿ, ಗೋಡೆಯ ಸಂದಿನಲ್ಲಿ, ಬುರುಜಿನ ನೆತ್ತಿಯ ಮೇಲೆ ಬೇರೂರಿರುವ ದಪ್ಪ ಮೈಯ ಗಿಡಗಳ ಪರಿವಾರ ಅದು. ಚದುರಗಳ್ಳಿ, ಪಾಪಾಸುಕಳ್ಳಿ, ನಾಲ್ಕು ಮೂಲೆಯ ಕಾಂಡದ ಮಂಗರವಳ್ಳಿ, ಕತ್ತಾಳೆ. ಇವುಗಳಲ್ಲಿ ಕೆಲವು ನಮ್ಮ ನೆಲದವೇ. ಪಾಪಾಸುಕಳ್ಳಿ ಮತ್ತು ಕತ್ತಾಳೆ ಅಮೆರಿಕದ ಕಡೆಯಿಂದ ಬಂದು ನಮ್ಮವಾದವು. ಎಲ್ಲಕ್ಕೂ ಒಂದೇ ಗುಣ: ಮಳೆ ಬಂದಾಗ ಮೈಯಲ್ಲಿ ನೀರು ತುಂಬಿಕೊಂಡು, ಉಳಿದ ದಿನಗಳನ್ನು ಅದರಲ್ಲೇ ಕಳೆಯುವುದು.

ಇಂಥವನ್ನು ಈಗ ಪೇಟೆಗಳಲ್ಲಿ 'ಸಕ್ಯುಲೆಂಟ್' ಎಂದು ಕರೆಯುತ್ತಾರೆ. ಅಂಗೈಯಗಲದ ಕುಂಡದಲ್ಲಿಟ್ಟು ಮಾರುತ್ತಾರೆ. ಮದುವೆ, ಗೃಹಪ್ರವೇಶಗಳಲ್ಲಿ ತಾಂಬೂಲದ ಜೊತೆ ತೆಂಗಿನಕಾಯಿಯ ಬದಲು ಇದನ್ನೇ ಕೊಡುವ ರೂಢಿಯೂ ಬಂದಿದೆ. ತಂದವರೆಲ್ಲ ಮೊದಲು ಕೇಳುವ ಪ್ರಶ್ನೆ, "ಎಷ್ಟು ನೀರು ಹಾಕಬೇಕು?" ಎರಡನೆಯದು, "ಗೊಬ್ಬರ ಏನು ಹಾಕಬೇಕು?" ಮೊದಲನೆಯದಕ್ಕೆ ಉತ್ತರ ಈಗ ಬಹುಮಂದಿಗೆ ಗೊತ್ತು. ಎರಡನೆಯದಕ್ಕೆ ಉತ್ತರ ಹುಡುಕಿಕೊಂಡೇ ಕಳೆದ ಕಾರ್ತಿಕದಲ್ಲಿ ನಾನೂ ನನ್ನ ಅಕ್ಕನೂ ದುರ್ಗದ ಮೆಟ್ಟಿಲು ಹತ್ತಿದೆವು.

ಅಕ್ಕನ ವಿಷಯ ಸ್ವಲ್ಪ ಹೇಳಬೇಕು. ಹಿರಿಯೂರಿನ ಕಡೆಯ ಹಳ್ಳಿಯಲ್ಲಿ ನಲವತ್ತು ವರ್ಷ ಸಂಸಾರ ಮಾಡಿದವಳು. ಅವಳ ಹಿತ್ತಲಿನಲ್ಲಿ ಬಾರದ ಬೆಳೆಯಿರಲಿಲ್ಲ. ಹೀರೆ, ಪಡವಲ, ನುಗ್ಗೆ, ಕನಕಾಂಬರ, ಮೆಣಸಿನ ಗಿಡ, ಎಲ್ಲಕ್ಕೂ ಕೊಟ್ಟಿಗೆ ಗೊಬ್ಬರ ಒಂದೊಂದು ಮಂಕರಿ. ಅವಳು ಒಣಕಡ್ಡಿ ನೆಟ್ಟರೂ ಚಿಗುರುತ್ತದೆ ಎಂದು ಊರಿನವರು ಅನ್ನುತ್ತಿದ್ದರು. ಭಾವನವರು ತೀರಿಕೊಂಡ ಮೇಲೆ ಮಗ ಬೆಂಗಳೂರಿಗೆ ಕರೆದುಕೊಂಡು ಹೋದ. ಐದನೆಯ ಅಂತಸ್ತಿನ ಮನೆ. ಹಿತ್ತಲೆಂದರೆ ಬಟ್ಟೆ ಒಣಗಿಸುವ ಬಾಲ್ಕನಿ. ಸೊಸೆ ಪ್ರೀತಿಯಿಂದಲೇ ಇಪ್ಪತ್ತೆರಡು ಸಕ್ಯುಲೆಂಟ್ ಕುಂಡಗಳನ್ನು ತಂದುಕೊಟ್ಟಳು. ಅಕ್ಕ ತನಗೆ ತಿಳಿದಂತೆ ಅವನ್ನು ಸಾಕಿದಳು. ಅಂದರೆ, ಊಟ ಹಾಕಿದಳು. ಸಗಣಿ ಪುಡಿ, ಟೀ ಚರಟ, ಅಕ್ಕಿ ತೊಳೆದ ನೀರು. ಅದೂ ಸಾಲದೆಂದು ಊರಿನಿಂದ ಬಂದವರು ಡಬ್ಬಿಯಲ್ಲಿ ತಂದುಕೊಟ್ಟ ಯೂರಿಯಾ, ಗಿಡಕ್ಕೊಂದು ಚಮಚ. ನರ್ಸರಿಯೊಂದರ ಹುಡುಗನೂ "ಹಾಕಿ ಅಜ್ಜಿ, ಚೆನ್ನಾಗಿ ಬರುತ್ತೆ" ಎಂದಿದ್ದನಂತೆ. ಎರಡೇ ತಿಂಗಳಲ್ಲಿ ಆರು ಗಿಡ ಕೊಳೆತವು. ಉಳಿದವು ಬೆಳಕಿಗೆ ಕತ್ತು ಚಾಚಿ ಸೊಟ್ಟಗಾದವು.

"ನನ್ನ ಕೈಗುಣ ಹೋಯ್ತು ಕಣೋ" ಎಂದಳು ಫೋನಿನಲ್ಲಿ. "ಉಳಿದಿದ್ದನ್ನೆಲ್ಲ ಯಾರಿಗಾದರೂ ಕೊಟ್ಟುಬಿಡ್ತೀನಿ. ಇನ್ನು ಗಿಡದ ಸಹವಾಸ ಸಾಕು."

ಅರವತ್ತೆಂಟು ವರ್ಷದ ಹೆಂಗಸು ಗಿಡದ ಸಹವಾಸ ಬಿಟ್ಟು ಆ ಐದನೆಯ ಅಂತಸ್ತಿನಲ್ಲಿ ಇನ್ನೇನು ಮಾಡುತ್ತಾಳೆ? ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವನು. ಫೋನಿನಲ್ಲಿ ಪಾಠ ಹೇಳಬಹುದಿತ್ತು. ಆದರೆ ಬೇಸಾಯ ಕಂಡವರಿಗೆ ಬಾಯಿಮಾತಿಗಿಂತ ನೆಲ ತೋರಿಸುವುದು ಮೇಲು. ದೀಪಾವಳಿಗೆ ಊರಿಗೆ ಬಂದವಳನ್ನು ದುರ್ಗಕ್ಕೆ ಕರೆದುಕೊಂಡು ಹೋದೆ.

ಆ ವೇಳೆಗೆ ಮಳೆ ಹಿಂದೆ ಸರಿದಿತ್ತು. ಹೊಂಡಗಳಲ್ಲಿ ನೀರಿತ್ತು. ಬಂಡೆಗಳು ತೊಳೆದಿಟ್ಟ ಆನೆಗಳ ಹಾಗೆ ಕಾಣುತ್ತಿದ್ದವು. ಈ ಬಂಡೆ ಸಾಮಾನ್ಯದ್ದಲ್ಲ. ಸುಮಾರು 260 ಕೋಟಿ ವರ್ಷ ಹಳೆಯ ಗ್ರಾನೈಟು. ಬಿಸಿಲಿಗೆ ಹಿಗ್ಗಿ, ಇರುಳಿಗೆ ಕುಗ್ಗಿ ಸಿಪ್ಪೆಸಿಪ್ಪೆಯಾಗಿ ಏಳುತ್ತದೆ. ಆ ಸಿಪ್ಪೆಯ ಸಂದಿಯಲ್ಲಿ ನಿಂತಿದ್ದ ಚದುರಗಳ್ಳಿಯೊಂದರ ಬುಡ ತೋರಿಸಿ, "ಇದಕ್ಕೆ ಯಾರು ಗೊಬ್ಬರ ಹಾಕಿದರು ಹೇಳು" ಎಂದೆ. ಅಕ್ಕ ಬಗ್ಗಿ ಬೆರಳಲ್ಲಿ ಕೆದಕಿದಳು. ಸಿಕ್ಕಿದ್ದು ಒಂದು ಹಿಡಿ ಗರಸು, ಎರಡು ಒಣಗಿದ ಎಲೆ, ಯಾವುದೋ ಹಕ್ಕಿಯ ಹಿಕ್ಕೆ. ಅಷ್ಟೇ. ಆಳಾಗಲ ಎಲ್ಲ ಸೇರಿ ಮುಕ್ಕಾಲು ಸೇರು ಮಣ್ಣಿಲ್ಲ. ಗಿಡ ನನಗಿಂತ ಎತ್ತರವಿತ್ತು!

ಗಿಡಕ್ಕೆ ಮುಖ್ಯವಾಗಿ ಬೇಕಾದದ್ದು ಸಾರಜನಕ, ರಂಜಕ, ಪೊಟ್ಯಾಸಿಯಂ ಎಂಬ ಮೂರು ಎಂದು ಎಂಟನೆಯ ತರಗತಿಯ ಮಕ್ಕಳೂ ಹೇಳುತ್ತಾರೆ. ಬರಿಯ ಬಂಡೆಯಲ್ಲಿ ಇವು ಎಲ್ಲಿಂದ ಬಂದವು? ಗ್ರಾನೈಟಿನಲ್ಲಿ ಬೆಣಚುಕಲ್ಲು, ಫೆಲ್ಡ್‌ಸ್ಪಾರ್, ಅಭ್ರಕಗಳಿವೆ. ಕೊನೆಯ ಎರಡು ಸವೆದಂತೆಲ್ಲ ಪೊಟ್ಯಾಸಿಯಂ ಬಿಟ್ಟುಕೊಡುತ್ತವೆ. ಅಪಟೈಟ್ ಎಂಬ ಖನಿಜದ ಸಣ್ಣ ಕಣಗಳಲ್ಲಿ ಚೂರು ರಂಜಕವಿರುತ್ತದೆ. ಸಾರಜನಕ ಮಾತ್ರ ಕಲ್ಲಿನಲ್ಲಿ ಇಲ್ಲವೆಂದೇ ಹೇಳಬೇಕು. ಅದು ಮೇಲಿನಿಂದ ಬರಬೇಕು. ಸಿಡಿಲು ಹೊಡೆದಾಗ ಗಾಳಿಯ ಸಾರಜನಕ ನೈಟ್ರೇಟ್ ಆಗಿ ಮಳೆಯ ಜೊತೆ ಇಳಿಯುತ್ತದೆ. ದುರ್ಗದ ಬಂಡೆಗಳ ಮೇಲೆ ಮಸಿ ಸುರಿದಂತೆ ಕಪ್ಪು ಪಟ್ಟೆಗಳನ್ನು ನೀವು ನೋಡಿರಬಹುದು. ಹಲವರು ಅದನ್ನು ಹೊಗೆಯ ಗುರುತು ಎಂದುಕೊಳ್ಳುತ್ತಾರೆ. ಅದು ನೀಲಿಹಸಿರು ಪಾಚಿ ಮತ್ತು ಕಲ್ಲುಹೂಗಳ ಪದರ. ಅವುಗಳಲ್ಲಿ ಕೆಲವಕ್ಕೆ ಗಾಳಿಯ ಸಾರಜನಕವನ್ನು ಹಿಡಿಯುವ ಶಕ್ತಿಯಿದೆ. ಮಳೆ ಬಂದಾಗ ಆ ಪಟ್ಟೆಯ ಮೇಲಿಂದ ಹರಿದ ನೀರು ಬಿರುಕಿಗೆ ಇಳಿಯುತ್ತದೆ. ಜೊತೆಗೆ ಹಕ್ಕಿ, ಕೋತಿ, ಓತಿಕ್ಯಾತಗಳ ಕೊಡುಗೆ.

ಒಟ್ಟಿನಲ್ಲಿ ಗಿಡಕ್ಕೆ ಸಿಗುವುದು ತೀರ ತೆಳ್ಳನೆಯ ಸಾರು; ಅದೂ ಮಳೆಗಾಲದಲ್ಲಿ ಮಾತ್ರ. ಈ ಕಡೆ ವರ್ಷದ ಮಳೆ ಆರುನೂರು ಮಿಲಿಮೀಟರಿನ ಆಸುಪಾಸು. ಬಿದ್ದದ್ದೂ ನಿಲ್ಲುವುದಿಲ್ಲ. ಕೋಟೆ ಕಟ್ಟಿದವರು ಈ ಇಳಿಜಾರನ್ನು ಚೆನ್ನಾಗಿ ಅರಿತಿದ್ದರು. ಮೇಲಿನ ಗೋಪಾಲಸ್ವಾಮಿ ಹೊಂಡ ತುಂಬಿ ಅಕ್ಕತಂಗಿಯರ ಹೊಂಡಕ್ಕೆ, ಅಲ್ಲಿಂದ ಕೆಳಗೆ ಊರೊಳಗಿನ ಸಂತೆ ಹೊಂಡದವರೆಗೆ ನೀರು ಹರಿದುಹೋಗುವಂತೆ ಕಟ್ಟಿದ್ದಾರೆ. ಗಿಡದ ಬುಡದ ಕಥೆಯೂ ಅದೇ. ಬಂದ ಸಾರದಲ್ಲಿ ತನಗೆ ಬೇಕಾದ ಗುಟುಕು ಹೀರಿಕೊಂಡು ಉಳಿದದ್ದನ್ನು ಕೆಳಕ್ಕೆ ಬಿಡುತ್ತದೆ. ಉಪ್ಪಿನಂಶ ಬುಡದಲ್ಲಿ ಕೂಡಿಕೊಳ್ಳುವುದಿಲ್ಲ. ನಮ್ಮ ಪ್ಲಾಸ್ಟಿಕ್ ಕುಂಡದಲ್ಲಿ, ಅದರಲ್ಲೂ ತಳದಲ್ಲಿ ತೂತಿಲ್ಲದ ಪಿಂಗಾಣಿ ಬಟ್ಟಲಿನಲ್ಲಿ, ಹಾಕಿದ್ದೆಲ್ಲ ಅಲ್ಲಿಯೇ ಉಳಿಯುತ್ತದೆ.

ಗೊಬ್ಬರದ ಮಾತು ಬಂದದ್ದರಿಂದ ಕೋಟೆಯೊಳಗಿನ ಮದ್ದು ಬೀಸುವ ಕಲ್ಲುಗಳನ್ನೂ ನೆನೆಯಬೇಕು. ನೆಲದ ಕೆಳಗಿನ ಹೊಂಡದಂಥ ಜಾಗದಲ್ಲಿ ನಾಲ್ಕು ಭಾರಿ ಬೀಸುಕಲ್ಲುಗಳು. ಫಿರಂಗಿಯ ಮದ್ದಿಗೆ ಇದ್ದಲು, ಗಂಧಕ, ಪೆಟ್ಲುಪ್ಪು ಬೇಕು. ಪೆಟ್ಲುಪ್ಪೆಂದರೆ ಪೊಟ್ಯಾಸಿಯಂ ನೈಟ್ರೇಟ್. ಹಿಂದಿನ ಕಾಲದಲ್ಲಿ ದನದ ಗಂಜಲ ಇಂಗಿದ ಮಣ್ಣನ್ನು ತೊಳೆದು ಬಸಿದು ಅದನ್ನು ತೆಗೆಯುತ್ತಿದ್ದರು. ಇವತ್ತು ಅದೇ ಲವಣ 13:0:45 ಎಂಬ ಹೆಸರಿನಲ್ಲಿ ಗೊಬ್ಬರದಂಗಡಿಯಲ್ಲಿ ಸಿಗುತ್ತದೆ. ದಾಳಿಂಬೆ, ದ್ರಾಕ್ಷಿಯವರು ಹನಿ ನೀರಾವರಿಯಲ್ಲಿ ಬಿಡುತ್ತಾರೆ. ಅಂದರೆ ನಾಯಕರು ಕೋಟೆಯ ಮೇಲಿಂದ ಸಿಡಿಸುತ್ತಿದ್ದುದರಲ್ಲಿ ಮುಕ್ಕಾಲು ಪಾಲು ಗೊಬ್ಬರವೇ! ಅಕ್ಕನಿಗೆ ಇದನ್ನು ಹೇಳಿದಾಗ ಅವಳು, "ಅದಕ್ಕೇ ನನ್ನ ಕುಂಡ ಢಮಾರ್ ಅಂದಿದ್ದು" ಎಂದು ಅವತ್ತು ಮೊದಲ ಬಾರಿಗೆ ನಕ್ಕಳು.

ಈ ಗಿಡಗಳು ಕಡಿಮೆ ತಿನ್ನುವುದಕ್ಕೆ ಬಡತನ ಮಾತ್ರ ಕಾರಣವಲ್ಲ, ಅವುಗಳ ಜೀವನಕ್ರಮವೇ ನಿಧಾನ. ಉಳಿದ ಗಿಡಗಳು ಹಗಲಿನಲ್ಲಿ ಎಲೆಯ ರಂಧ್ರ ತೆರೆದು ಇಂಗಾಲದ ಡೈಆಕ್ಸೈಡ್ ಒಳಗೆ ತೆಗೆದುಕೊಳ್ಳುತ್ತವೆ. ಬಿಸಿಲಿನಲ್ಲಿ ಹಾಗೆ ಮಾಡಿದರೆ ಮೈಯ ನೀರೆಲ್ಲ ಆರಿಹೋಗುತ್ತದೆಂದು ಇವು ರಾತ್ರಿ ಬಾಗಿಲು ತೆರೆಯುತ್ತವೆ. ಒಳಗೆ ಬಂದ ಅನಿಲವನ್ನು ಮ್ಯಾಲಿಕ್ ಆಮ್ಲವಾಗಿ ಕೂಡಿಟ್ಟುಕೊಂಡು, ಬೆಳಗಾದ ಮೇಲೆ ಬಾಗಿಲು ಮುಚ್ಚಿ, ಕೂಡಿಟ್ಟದ್ದರಲ್ಲಿ ಅಡುಗೆ ಮಾಡುತ್ತವೆ. ಆದ್ದರಿಂದ ಎಲೆಯ ರಸ ಬೆಳಿಗ್ಗೆ ಹುಳಿ, ಮಧ್ಯಾಹ್ನಕ್ಕೆ ಸಪ್ಪೆ. ಇದನ್ನು ನಾಲಿಗೆಯಿಂದಲೇ ಗುರುತಿಸಿ ಬರೆದಿಟ್ಟವನು ಬೆಂಜಮಿನ್ ಹೈನ್ ಎಂಬ ಸಸ್ಯವಿಜ್ಞಾನಿ. 1800ರ ಸುಮಾರಿಗೆ ಬೆಂಗಳೂರಿನ ಲಾಲ್‌ಬಾಗನ್ನು ನೋಡಿಕೊಳ್ಳುತ್ತಿದ್ದವನು, ಮೆಕೆಂಜಿಯ ಮೈಸೂರು ಮೋಜಣಿಯಲ್ಲೂ ಇದ್ದವನು. ಕಾಡುಬಸಳೆಯ ಎಲೆಯ ರುಚಿ ಹೊತ್ತಿನಿಂದ ಹೊತ್ತಿಗೆ ಬದಲಾಗುವ ಬಗ್ಗೆ ಅವನು ಬರೆದ ಪತ್ರ ಲಂಡನ್ನಿನ ಲಿನ್ನಿಯನ್ ಸೊಸೈಟಿಯ ಸಂಪುಟದಲ್ಲಿ 1815ರಲ್ಲಿ ಅಚ್ಚಾಯಿತು. ನಮ್ಮ ಶಾಲೆಯ ಮಕ್ಕಳು ಪುಸ್ತಕದ ನಡುವೆ ಇಟ್ಟು ಮರಿ ಬರಿಸುತ್ತಾರಲ್ಲ, ಅದೇ ಎಲೆ. (ನೀವು ನಾಲಿಗೆಯ ಪ್ರಯೋಗ ಮಾಡುವುದು ಬೇಡ, ಆ ಎಲೆಯಲ್ಲಿ ವಿಷದ ಅಂಶವೂ ಇದೆ. ಪಿಎಚ್ ಕಾಗದ ಸಾಕು.) ಹೀಗೆ ರಾತ್ರಿ ಸಂಪಾದಿಸಿ ಹಗಲು ಅಡುಗೆ ಮಾಡುವ ಮನೆಯಲ್ಲಿ ನೀರಿನ ಉಳಿತಾಯವಿದೆ, ಆದರೆ ಬೆಳವಣಿಗೆ ಚುರುಕಲ್ಲ. ಬೆಳೆಯುವುದು ಕಡಿಮೆಯಾದ ಮೇಲೆ ಊಟವೂ ಕಡಿಮೆಯೇ ಸಾಕು.

ಪೇಟೆಯ ಕುಂಡಗಳಲ್ಲಿ ಬರುವ ಗಿಡಗಳು ದುರ್ಗದವಲ್ಲ, ನಿಜ. ಗುಲಾಬಿಯಂತೆ ಎಲೆ ಜೋಡಿಸಿಕೊಂಡ ಎಚೆವೇರಿಯಾ ಹೆಚ್ಚಾಗಿ ಮೆಕ್ಸಿಕೋದ್ದು. ಪಟ್ಟೆಪಟ್ಟೆಯ ಹಾವರ್ತಿಯಾ, ದಪ್ಪ ಎಲೆಯ ಜೇಡ್ ದಕ್ಷಿಣ ಆಫ್ರಿಕಾದವು. ಆದರೆ ಅಲ್ಲೂ ಅವು ಹುಟ್ಟುವುದು ಇಂಥದೇ ಕಲ್ಲು ಗರಸಿನ ನಡುವೆ. ದೇಶ ಬೇರೆಯಾದರೂ ಬಾಳು ಒಂದೇ.

ಅಕ್ಕತಂಗಿಯರ ಹೊಂಡದ ಮೆಟ್ಟಿಲ ಮೇಲೆ ಕುಳಿತು ನಾವು ಒಂದು ಲೆಕ್ಕ ಮಾಡಿದೆವು. ಅಕ್ಕ ಓದಿದ್ದು ಏಳನೆಯ ಇಯತ್ತೆಯಾದರೂ ಬೆಳೆಯ ಲೆಕ್ಕದಲ್ಲಿ ಗಟ್ಟಿಗಿತ್ತಿ. ಮಳೆಯಾಶ್ರಿತ ರಾಗಿಗೆ ಹೆಕ್ಟೇರಿಗೆ 50 ಕಿಲೋ ಸಾರಜನಕ ಕೊಡಬೇಕೆಂದು ಕೃಷಿ ಇಲಾಖೆಯವರು ಹೇಳುತ್ತಾರೆ. ಅಂದರೆ ಒಂದು ಚದರ ಮೀಟರಿಗೆ 5 ಗ್ರಾಂ. ಅವಳ ಕುಂಡದ ಬಾಯಿ 10 ಸೆಂಟಿಮೀಟರ್ ಅಗಲ. ಅದರ ವಿಸ್ತೀರ್ಣ ಸುಮಾರು 78 ಚದರ ಸೆಂಟಿಮೀಟರ್. ಅಷ್ಟು ಜಾಗದ ರಾಗಿಗೆ ಇಡೀ ಬೆಳೆಗೆ ಸಿಗುವ ಸಾರಜನಕ ಕೇವಲ 39 ಮಿಲಿಗ್ರಾಂ! ಒಂದು ಚಹಾ ಚಮಚ ಯೂರಿಯಾ ಎಂದರೆ ಸುಮಾರು 4 ಗ್ರಾಂ. ಅದರಲ್ಲಿ ನೂರಕ್ಕೆ 46 ಪಾಲು ಸಾರಜನಕ, ಅಂದರೆ 1,840 ಮಿಲಿಗ್ರಾಂ. ರಾಗಿಯ ಪಾಲಿಗಿಂತ ನಲವತ್ತೇಳು ಪಟ್ಟು. ರಾಗಿಯಾದರೋ ಮೂರೂವರೆ ತಿಂಗಳಲ್ಲಿ ತೆನೆ ಕಟ್ಟಿ ಮುಗಿಸುವ ಹಸಿದ ಪೈರು. ಎಚೆವೇರಿಯಾ ಅಷ್ಟು ದಿನದಲ್ಲಿ ನಾಲ್ಕೆಂಟು ಎಲೆ ಬಿಟ್ಟರೆ ಹೆಚ್ಚು.

ಅಕ್ಕ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಒಂದೆಕರೆ ಹೊಲದ ಮೂಟೇನ ತಾಲಿಗೆ ಸುರಿದ ಹಾಗಾಯ್ತಲ್ಲೋ" ಎಂದಳು. ನಾನು ಹೂಂ ಎಂದೆ. "ಅಂದ್ರೆ ಕೈಗುಣದ್ದೇನೂ ತಪ್ಪಿಲ್ಲ?" ಎಂದಳು. ಕೈಗುಣಕ್ಕೆ ಏನೂ ಆಗಿಲ್ಲ, ಅಳತೆ ಮಾತ್ರ ಹೊಲದ್ದು ಎಂದೆ.

ಹೆಚ್ಚಾದ ಗೊಬ್ಬರ ಗಿಡವನ್ನು ಕೊಲ್ಲುವ ಬಗೆಯನ್ನು ಅಡುಗೆಮನೆಯಲ್ಲೇ ನೋಡಬಹುದು. ಮಾವಿನಕಾಯಿ ಹೋಳಿಗೆ ಉಪ್ಪು ಬೆರೆಸಿಟ್ಟರೆ ಮಾರನೆಯ ದಿನ ಜಾಡಿಯ ತುಂಬ ನೀರು, ಹೋಳು ಮಾತ್ರ ಸುಕ್ಕು. ಹೊರಗೆ ಲವಣ ಹೆಚ್ಚಾದಾಗ ಒಳಗಿನ ನೀರು ಹೊರಕ್ಕೆ ಬರುತ್ತದೆ. ಕುಂಡದಲ್ಲಿ ಬೇರಿಗೂ ಹಾಗೆಯೇ ಆಗುತ್ತದೆ. ಸುಟ್ಟ ಬೇರು ಸತ್ತು, ಅಲ್ಲಿಂದ ಕೊಳೆ ಹತ್ತುತ್ತದೆ. ಎಲೆಯ ತುದಿ ಕಂದಾಗುವುದು, ಮಣ್ಣಿನ ಮೇಲೋ ಕುಂಡದ ಅಂಚಿನಲ್ಲೋ ಬಿಳಿಯ ಹೊರೆ ಕಟ್ಟುವುದು ಇದರ ಗುರುತು. ನಮ್ಮ ಕೊಳವೆ ಬಾವಿಗಳ ಗಡುಸು ನೀರು ಈ ಹೊರೆಯನ್ನು ಇನ್ನಷ್ಟು ಹೆಚ್ಚಿಸುತ್ತದೆ. ಸುಡುವ ಮಟ್ಟಕ್ಕೆ ಹೋಗದಿದ್ದರೂ, ಸಾರಜನಕ ಮಿತಿಮೀರಿದರೆ ಎಲೆ ಉಬ್ಬಿ ಮೆತ್ತಗಾಗಿ ಹಿಟ್ಟು ತಿಗಣೆಗೆ ಔತಣವಾಗುತ್ತದೆ.

ಅಡುಗೆಮನೆಯ ಗೊಬ್ಬರಗಳ ಬಗ್ಗೆ ನನ್ನ ಅಭಿಪ್ರಾಯ ಹಲವರಿಗೆ ಹಿಡಿಸಲಾರದು. ಅಕ್ಕಿ ತೊಳೆದ ನೀರು, ಬಾಳೆಸಿಪ್ಪೆಯ ಕಷಾಯ, ಟೀ ಚರಟ ಕರಿಬೇವಿಗೂ ಗುಲಾಬಿಗೂ ಇರಲಿ. ಸಕ್ಯುಲೆಂಟಿನ ಕುಂಡದಲ್ಲಿ ಪಿಷ್ಟ ಹುಳಿತು, ಸಕ್ಕರೆಯಂಶಕ್ಕೆ ನೊಣ ಮುತ್ತಿ, ಚರಟ ತೇವ ಹಿಡಿದು ಬೂಷ್ಟು ಬರುತ್ತದೆ. ಸಗಣಿಯ ತೊಂದರೆಯೂ ತೇವದ್ದೇ. ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ ನೂರಕ್ಕೆ ಅರ್ಧ ಪಾಲಿನಷ್ಟೇ ಇರುವುದರಿಂದ ಸುಡುವುದಿಲ್ಲ, ಆದರೆ ಸ್ಪಂಜಿನಂತೆ ನೀರು ಹಿಡಿದಿಡುತ್ತದೆ. ಚೆನ್ನಾಗಿ ಕಳಿತು ಮಣ್ಣಿನ ವಾಸನೆ ಬಂದದ್ದನ್ನು ಜರಡಿ ಹಿಡಿದು, ಐದು ಪಾಲಿನಲ್ಲಿ ಒಂದು ಪಾಲು ಬೆರೆಸಿದರೆ ಸಾಕು. ಉಳಿದ ನಾಲ್ಕು ಪಾಲು ದಪ್ಪ ಮರಳು, ಗರಸು, ಇಟ್ಟಿಗೆ ಚೂರು ಮತ್ತು ಸ್ವಲ್ಪ ಕೆಮ್ಮಣ್ಣು. ಹೀಗೆ ತುಂಬಿದ ಕುಂಡಕ್ಕೆ ಮೊದಲ ವರ್ಷ ಬೇರೇನೂ ಬೇಡ. ಚಳ್ಳಕೆರೆಯ ಕಡೆ ಎಣ್ಣೆ ಗಾಣದ ಪಕ್ಕದಲ್ಲಿ ಬೆಳೆದವರಿಗೆ ಕಡಲೆಕಾಯಿ ಹಿಂಡಿಯ ಮೇಲೆ ಮಮತೆ ಹೆಚ್ಚು. ಅದರಲ್ಲಿ ಸಾರಜನಕ ನೂರಕ್ಕೆ ಏಳರಷ್ಟಿದೆ, ಒಳ್ಳೆಯ ಗೊಬ್ಬರವೇ. ಆದರೆ ನೆನೆಸಿಟ್ಟ ಹಿಂಡಿಯ ವಾಸನೆಗೆ ಬಾಲ್ಕನಿಯ ಪಕ್ಕದ ಮನೆಯವರು ದೂರು ಕೊಟ್ಟರೆ ನನ್ನನ್ನು ಕೇಳಬೇಡಿ.

ಎರಡನೆಯ ವರ್ಷದಿಂದ ಏನು ಮಾಡಬೇಕು? ನೀರಿನಲ್ಲಿ ಕರಗುವ 19:19:19 ಎಲ್ಲ ಗೊಬ್ಬರದಂಗಡಿಗಳಲ್ಲೂ ಸಿಗುತ್ತದೆ. ಒಂದು ಲೀಟರ್ ನೀರಿಗೆ ಅರ್ಧ ಗ್ರಾಂ. ಮನೆಯಲ್ಲಿ ಅರ್ಧ ಗ್ರಾಂ ತೂಗುವುದು ಹೇಗೆ? ಮಟ್ಟಸವಾದ ಒಂದು ಚಹಾ ಚಮಚ, ಅಂದಾಜು 5 ಗ್ರಾಂ, ಒಂದು ಲೀಟರಿನಲ್ಲಿ ಕರಗಿಸಿ. ಅದರಿಂದ ಒಂದು ಸಣ್ಣ ಲೋಟ, ಅಂದರೆ 100 ಮಿಲಿಲೀಟರ್ ತೆಗೆದು ಮತ್ತೆ ನೀರು ಸೇರಿಸಿ ಒಂದು ಲೀಟರ್ ಮಾಡಿ. ಉಳಿದ ಗಟ್ಟಿ ದ್ರಾವಣ ಅಂಗಳದ ಗಿಡಗಳಿಗೆ ಹೋಗಲಿ. ತೆಳ್ಳಗೆ ಮಾಡಿಕೊಂಡದ್ದನ್ನು ಕುಂಡಕ್ಕೆ ಒಂದೊಂದು ಲೋಟ, ವರ್ಷಕ್ಕೆ ನಾಲ್ಕು ಸಲ ಕೊಡಿ. ಲೆಕ್ಕ ಹಾಕಿ ನೋಡಿ: ಸಲಕ್ಕೆ 9.5 ಮಿಲಿಗ್ರಾಂ ಸಾರಜನಕ, ನಾಲ್ಕು ಸಲಕ್ಕೆ 38. ಸರಿಯಾಗಿ ರಾಗಿಯ ಪಾಲು, ಅದೂ ಮೂರೂವರೆ ತಿಂಗಳ ಬದಲು ವರ್ಷವಿಡೀ ಹಂಚಿ.

ಬೆಂಗಳೂರಿನ ಹವೆಗೆ ಜೂನ್, ಆಗಸ್ಟ್, ಅಕ್ಟೋಬರ್ ಮತ್ತು ಫೆಬ್ರವರಿ ಒಳ್ಳೆಯ ತಿಂಗಳುಗಳು. ಚಳಿ ಗಟ್ಟಿಯಾದಾಗ, ಏಪ್ರಿಲ್-ಮೇಯ ಸುಡುಬಿಸಿಲಿನಲ್ಲಿ ಹೆಚ್ಚಿನವು ಸುಮ್ಮನೆ ಕೂರುತ್ತವೆ, ಆಗ ಬೇಡ. ಒಣಗಿದ ಮಣ್ಣಿಗೆ ನೇರವಾಗಿ ಗೊಬ್ಬರದ ನೀರು ಹಾಕಬಾರದು. ಹಿಂದಿನ ದಿನ ಬರಿ ನೀರು ಕೊಟ್ಟಿರಬೇಕು. ಹೊಸದಾಗಿ ಕುಂಡ ಬದಲಾಯಿಸಿದ ಗಿಡಕ್ಕೆ, ಕೊಳೆ ಹತ್ತಿದ ಗಿಡಕ್ಕೆ ಉಪವಾಸವೇ ಔಷಧ. ಆರು ತಿಂಗಳಿಗೊಮ್ಮೆ ಬರಿ ನೀರನ್ನು, ಸಿಕ್ಕರೆ ಮಳೆ ನೀರನ್ನು, ತಳದ ತೂತಿನಿಂದ ಧಾರಾಳವಾಗಿ ಹರಿದುಹೋಗುವಂತೆ ಸುರಿದರೆ ಕೂಡಿಕೊಂಡ ಲವಣ ತೊಳೆದುಹೋಗುತ್ತದೆ. ಈ ಗುಂಪಿನಲ್ಲಿ ಹೊಟ್ಟೆಬಾಕನೆಂದರೆ ಅಡೀನಿಯಂ ಒಂದೇ. ಅರೇಬಿಯಾ, ಪೂರ್ವ ಆಫ್ರಿಕಾಗಳ ಈ ಗಿಡ ಬಿಸಿಲಿನಲ್ಲೇ ಬೆಳೆದು ಹೂ ಬಿಡುವುದರಿಂದ ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ಕೊಟ್ಟರೂ ಜೀರ್ಣಿಸಿಕೊಳ್ಳುತ್ತದೆ.

ಒಂದು ಮಾತು ಮಾತ್ರ ಒತ್ತಿ ಹೇಳಬೇಕು. ಗಿಡ ಕತ್ತು ಚಾಚಿ ಉದ್ದವಾದರೆ ಅದು ಹಸಿವಲ್ಲ, ಕತ್ತಲು. ಬಹುಪಾಲು ಜನ ಅದನ್ನು ಕಂಡು ಇನ್ನೊಂದು ಚಮಚ ಗೊಬ್ಬರ ಹಾಕುತ್ತಾರೆ. ಒಲೆಯೇ ಉರಿಯದ ಮನೆಗೆ ಅಕ್ಕಿ ಮೂಟೆ ಇಳಿಸಿದರೆ ಅನ್ನವಾದೀತೇ? ಕುಂಡವನ್ನು ಮೊದಲು ಬೆಳಕಿಗೆ ಸರಿಸಿ, ಗೊಬ್ಬರದ ಯೋಚನೆ ಆಮೇಲೆ.

ಇಳಿಯುವಾಗ ದಾರಿಯ ಪಕ್ಕದ ಮುಳ್ಳುಪೊದೆಯೊಂದರ ಬಳಿ ಇಬ್ಬರು ಹುಡುಗರು ಕೀಲಿಕೈಯಿಂದ ನೆಲ ಕೆದಕುತ್ತಿದ್ದರು. ಪೊದೆಯ ನೆರಳಿನಲ್ಲಿ ಬೆರಳಿನಷ್ಟು ದಪ್ಪದ, ಎಲೆಯಿಲ್ಲದ ಹಸಿರು ಕಡ್ಡಿಗಳ ಗುಂಪು. ಕರಲ್ಲುಮ ಎಂಬ ನಮ್ಮ ನಾಡಿನದೇ ಸಕ್ಯುಲೆಂಟ್. ಕಾಡುಮೇಡು ತಿರುಗುವವರು ಹಸಿವು, ಬಾಯಾರಿಕೆ ತಡೆಯಲು ಇದನ್ನು ಅಗಿಯುತ್ತಿದ್ದುದುಂಟು. ಈಗ ಮೈ ಇಳಿಸುವ ಗುಳಿಗೆಗಾಗಿ ಇದರ ಸಾರ ದೇಶವಿದೇಶಗಳಲ್ಲಿ ಮಾರಾಟವಾಗುತ್ತದೆ. ತಾನೂ ಅಲ್ಪಾಹಾರಿ, ತಿಂದವರನ್ನೂ ಅಲ್ಪಾಹಾರಿಯಾಗಿಸುವ ಗಿಡ! ದನಕುರಿಗಳ ಬಾಯಿಗೆ ಸಿಗದಂತೆ ಮುಳ್ಳುಪೊದೆಯ ಬುಡದಲ್ಲಿ ಬದುಕುತ್ತದೆ. ಪೊದೆಯ ಉದುರೆಲೆಯೇ ಅದರ ಗೊಬ್ಬರ, ಪೊದೆಯ ನೆರಳೇ ಚಾವಣಿ. ಹುಡುಗರಿಗೆ ಅದನ್ನು ಕುಂಡದಲ್ಲಿಡುವ ಆಸೆ. ಕೋಟೆ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿರುವ ಜಾಗ, ಇಲ್ಲಿ ಏನನ್ನೂ ಕೀಳಬಾರದು ಎಂದು ನಾನು ಮೇಷ್ಟರ ದನಿಯಲ್ಲಿ ಶುರು ಮಾಡಿದೆ. ಅವರು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ಅಕ್ಕ ಮುಂದೆ ಹೋಗಿ, "ಬಿಡ್ರಪ್ಪ, ಅದು ಇಲ್ಲಿ ಯಾರ ಹಂಗೂ ಇಲ್ದೆ ಇದೆ. ಮನೆಗೊಯ್ದರೆ ನಿಮ್ಮಮ್ಮ ಅದಕ್ಕೆ ಊಟ ಹಾಕಿ ಸಾಯಿಸ್ತಾಳೆ" ಎಂದಳು. ಹುಡುಗರು ನಕ್ಕು ಎದ್ದರು. ಕೆದಕಿದ ಮಣ್ಣನ್ನು ಅಕ್ಕ ಕಾಲಿನಿಂದ ಮುಚ್ಚಿ, ಮೇಲೊಂದು ಕಲ್ಲಿಟ್ಟಳು.

ಊರಿಗೆ ಹಿಂದಿರುಗುವ ಮೊದಲು ಪೇಟೆಯ ಗೊಬ್ಬರದಂಗಡಿಗೆ ಹೋದೆವು. ಸಣ್ಣ ಪೊಟ್ಟಣ ಇರಲಿಲ್ಲ, ಕಿಲೋದ್ದೇ ಕೊಳ್ಳಬೇಕಾಯಿತು. ಬೆಂಗಳೂರಿಗೆ ಹೋಗಿ ಅಕ್ಕ ಎಲ್ಲ ಕುಂಡಗಳ ಮಣ್ಣು ಬದಲಾಯಿಸಿ, ಕಟಕಟೆಯ ಬಳಿ ಬಿಸಿಲು ಬರುವಲ್ಲಿ ಜೋಡಿಸಿದ್ದಾಳೆ. ಸೊಟ್ಟಗಾದವುಗಳ ತುದಿ ಕತ್ತರಿಸಿ, ನಾಲ್ಕು ದಿನ ಒಣಗಿಸಿ ನೆಟ್ಟು, ಬೇರು ಬರಿಸಿದ್ದಾಳೆ. ಈಗ ಇರುವುದು ಹದಿನಾರು. ಮೊನ್ನೆ ಫೋನು ಬಂತು. ಗೊಬ್ಬರಕ್ಕೆ ಇನ್ನೂ ಮುಹೂರ್ತ ಬಂದಿಲ್ಲ, ಆದರೆ ಲೆಕ್ಕ ಮಾತ್ರ ಹಾಕಿದ್ದಾಳೆ. ಹದಿನಾರು ಕುಂಡಕ್ಕೆ ವರ್ಷಕ್ಕೆ 3.2 ಗ್ರಾಂ. ಈ ಕಿಲೋ ಪೊಟ್ಟಣ ಮುನ್ನೂರು ವರ್ಷಕ್ಕೂ ಮೇಲೆ ಬರುತ್ತದೆ.

"ಅಷ್ಟು ದಿನ ಇದನ್ನ ಎಲ್ಲಿಡ್ಲೋ?" ಎಂದು ಕೇಳಿದಳು. ಊರಿನ ದಾಳಿಂಬೆ ತೋಟದವರಿಗೆ ಕೊಟ್ಟು, ಒಂದು ಹಾರ್ಲಿಕ್ಸ್ ಬಾಟಲಿಯಷ್ಟು ಇಟ್ಟುಕೋ ಎಂದಿದ್ದೇನೆ.